ಯಾರೂ ಕೊಡದ ರೆಸ್ಟ್

ನಮ್ಮ ಕಡೆ ಒಬ್ಬ ಮನುಷ್ಯ ತಾನು ಭೂತವನ್ನು ನಂಬುವುದಿಲ್ಲ ಎಂದರೆ ಜನ ಅವನನ್ನು ಸ್ವಲ್ಪ ಕನಿಕರದಿಂದ ನೋಡುತ್ತಾರೆ, ತನಗೆ ಹಸಿವೆಯೇ ಆಗುವುದಿಲ್ಲ ಎಂದವನನ್ನು ನೋಡುವ ಹಾಗೆ. ಪ್ರಾಯದಲ್ಲಿ ನಾನು ಆ ಕನಿಕರಕ್ಕೆ ಸಾಕಷ್ಟು ಪಾತ್ರನಾಗಿದ್ದೇನೆ. ಕುಟುಂಬದ ಮನೆಯಲ್ಲಿ ಭೂತಗಳಿಗೆ ತಂಬಿಲದ ಪೂಜೆ ನಡೆಯುವಾಗ ಎಲ್ಲರ ಜೊತೆ ಕೈಮುಗಿದು ನಿಲ್ಲುತ್ತಿದ್ದೆ, ಪ್ರಸಾದ ತೆಗೆದುಕೊಳ್ಳುತ್ತಿದ್ದೆ. ಒಳಗೆ ಮಾತ್ರ ಏನೂ ಇರಲಿಲ್ಲ. ನನ್ನ ಕೆಲಸವೂ ನನ್ನನ್ನು ಹಾಗೆ ಮಾಡಿರಬೇಕು. ನಾನು ವಿಮಾನ ಹಾರಿಸುತ್ತಿದ್ದವನು. ಮೋಡದೊಳಗೆ ಹೊಕ್ಕಾಗ ನಮ್ಮ ಹೊಟ್ಟೆ ಒಂದು ಹೇಳುತ್ತದೆ, ಎದುರಿನ ಯಂತ್ರಗಳ ಮುಳ್ಳುಗಳು ಇನ್ನೊಂದು ಹೇಳುತ್ತವೆ. ಹೊಟ್ಟೆಯ ಮಾತು ಕೇಳಿದವನು ಉಳಿಯುವುದಿಲ್ಲ. ಮುಳ್ಳು ತೋರಿಸಿದ್ದು ಮಾತ್ರ ಸತ್ಯ ಎಂದು ನಮಗೆ ಮೊದಲ ದಿನದಿಂದಲೇ ಕಲಿಸಿದ್ದರು.

ಹಾಗಾಗಿ ಈಗ ಬರೆಯುವುದನ್ನು ನಂಬಿ ಎಂದು ನಿಮ್ಮನ್ನು ಕೇಳಲು ನನಗೆ ಮುಖವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಕ್ಕು ಎದ್ದುಹೋಗುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಡಕೋಟಾ ವಿಮಾನಗಳಲ್ಲಿ ಕೋ-ಪೈಲಟ್ ಆಗಿದ್ದೆ. ಬೊಂಬಾಯಿಯಿಂದ ಹೊರಟ ವಿಮಾನ ಮಂಗಳೂರಿನ ಹತ್ತಿರದ ಬಜ್ಪೆಯಲ್ಲಿ ಇಳಿದು, ಮತ್ತೆ ಜನರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಬಂದ ಪೈಲಟುಗಳಲ್ಲಿ ಯಾರಿಗಾದರೂ ಜ್ವರವೋ ಹೊಟ್ಟೆನೋವೋ ಬಂದರೆ ವಿಮಾನ ಅಲ್ಲೇ ನಿಲ್ಲಬಾರದೆಂದು ನಮ್ಮ ಕಂಪೆನಿ ಕೆಲವು ತಿಂಗಳು ಒಬ್ಬ ಹೆಚ್ಚಿನ ಕೋ-ಪೈಲಟನ್ನು ಮಂಗಳೂರಿನ ಕಡೆ ಇರಿಸುತ್ತಿತ್ತು. ಬೇರೆಯವರಿಗೆ ಅದು ಬೇಸರದ ಕೆಲಸ. ನಾನು ಮಾತ್ರ ಕೇಳಿ ಪಡೆಯುತ್ತಿದ್ದೆ. ನನ್ನ ಹೆಂಡತಿ ಲೀಲಾ ಮತ್ತು ಮಗಳು ಬಂಟ್ವಾಳ ಪೇಟೆಯಲ್ಲಿ ನನ್ನ ಮಾವನವರ ಮನೆಯಲ್ಲಿದ್ದರು. ಆ ತಿಂಗಳುಗಳಲ್ಲಿ ನಾನೂ ಅಲ್ಲಿರಬಹುದಿತ್ತು.

ಆದರೆ ಇರುವುದು ಎಂದರೆ ಏನು ಎಂದು ಹೇಳಬೇಕು. ಅದಕ್ಕೆ ಸ್ಟ್ಯಾಂಡ್-ಬೈ ಎಂದು ಹೆಸರು. ಕೆಲಸವಿಲ್ಲ, ರಜೆಯೂ ಅಲ್ಲ. ಕರೆ ಬಂದ ಕೂಡಲೇ ಸಮವಸ್ತ್ರ ಹಾಕಿ ಹೊರಡಬೇಕು. ಅದುವರೆಗೆ ಫೋನಿನ ಕೂಗಳತೆ ದಾಟಿ ಹೋಗುವಂತಿಲ್ಲ. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ನಾಲ್ಕು ಅಂಗಡಿ ಆಚೆ ಹಸನಬ್ಬ ಬ್ಯಾರಿಗಳ ಬಟ್ಟೆ ಅಂಗಡಿಯಲ್ಲಿ ಇತ್ತು. ನನ್ನ ಕರೆ ಬಂದರೆ ಅವರು ಬಾಗಿಲಿಗೆ ಬಂದು ನಿಂತು ಗಟ್ಟಿಯಾಗಿ "ಶೆಟ್ರೇ!" ಎಂದು ಕೂಗುತ್ತಿದ್ದರು. ನದಿಯ ಕಡೆ ನಡೆದುಹೋಗುವುದಕ್ಕೂ ನಾನು ಅವರಲ್ಲಿ ಹೇಳಿಹೋಗಬೇಕಿತ್ತು. ಸ್ಟ್ಯಾಂಡ್-ಬೈಯಿಂದ ಬಿಡುಗಡೆ ಎಂದರೆ ರೆಸ್ಟ್. ಅದಕ್ಕೂ ನಿಯಮ ಉಂಟು. ಹಿಂದಿನ ದಿನ ಸಂಜೆಯೊಳಗೆ ಆಫೀಸಿನಿಂದ ತಿಳಿಸಬೇಕು, ತಿಳಿಸಿದ್ದನ್ನು ನಾವು ಅವರಿಗೇ ಮರಳಿ ಹೇಳಿ ಒಪ್ಪಬೇಕು. ಒಮ್ಮೆ ಒಪ್ಪಿದ ಮೇಲೆ ಆ ದಿನ ನಮ್ಮದು. ಎಲ್ಲಿ ಬೇಕಾದರೂ ಹೋಗಬಹುದು, ಯಾರೂ ಕರೆಯುವಂತಿಲ್ಲ.

ನನ್ನ ಮಗಳ ಹೆಸರು ವಾರಿಜ. ಆಗ ಆರು ತುಂಬಿತ್ತು. ಹಿಂದಿನ ಮಳೆಗಾಲದಲ್ಲಿ ಅವಳಿಗೆ ಕೈಕಾಲಿನ ಗಂಟುಗಳೆಲ್ಲ ಊದಿಕೊಂಡು ಜ್ವರ ಬಂದು, ಬಹಳ ದಿನ ಮಲಗಿದ್ದಳು. ಮಂಗಳೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಹೃದಯದಲ್ಲಿ ಸ್ವಲ್ಪ ಬೇರೆ ಸದ್ದು ಉಂಟು, ಓಡಿಸಬೇಡಿ, ಬೆಳೆಯುತ್ತ ಸರಿಯಾಗಬಹುದು ಎಂದಿದ್ದರು. ಆ 'ಬಹುದು' ಎಂಬ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಲೀಲಾ 'ಓಡಿಸಬೇಡಿ' ಎಂಬುದನ್ನು ಹಿಡಿದುಕೊಂಡಿದ್ದಳು.

ಓಡಲು ಬಿಡದ ಮಗುವಿಗೆ ಬಸ್ಸಿನ ಹುಚ್ಚು ಹತ್ತಿತ್ತು. ಮನೆಯ ಜಗಲಿಯಲ್ಲಿ ಕುಳಿತು, ಸದ್ದು ಕೇಳಿಯೇ ಇದು ಬೆಳ್ತಂಗಡಿ ಬಸ್ಸು, ಇದು ಮೂಡಬಿದಿರೆಯದ್ದು ಎನ್ನುತ್ತಿದ್ದಳು. ಅಪ್ಪ ವಿಮಾನ ಹಾರಿಸುತ್ತಾನೆ ಎಂಬುದು ಅವಳಿಗೆ ದೊಡ್ಡ ವಿಷಯವೇ ಆಗಿರಲಿಲ್ಲ. ಡ್ರೈವರನ ಪಕ್ಕದ ಸೀಟಿನಲ್ಲಿ ಕುಳಿತು ಬೆಳ್ತಂಗಡಿಗೆ ಹೋಗಬೇಕು ಎಂಬುದೊಂದೇ ಅವಳ ಬಾಯಲ್ಲಿ. ನಾಳೆ ಹೋಗುವ, ನಾಳೆ ಹೋಗುವ ಎಂದು ನಾನು ದಿನ ದೂಡುತ್ತಿದ್ದೆ. ಸ್ಟ್ಯಾಂಡ್-ಬೈ ಎಂದರೆ ಏನೆಂದು ಅವಳಿಗೆ ಹೇಗೆ ಹೇಳುವುದು?

ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಒಂದು ಸಂಜೆ, ಪೇಟೆಯಲ್ಲಿ ಇನ್ನೂ ಬೆಳಕಿರುವಾಗ, ಹಸನಬ್ಬನವರು ಕೂಗಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಫೋನನ್ನು ನನ್ನ ಕೈಗೆ ಕೊಡುತ್ತ ಅವರು, "ಸಲ್ದಾನರು" ಎಂದರು.

ಸಲ್ದಾನ ಬಜ್ಪೆಯ ನಮ್ಮ ಆಫೀಸಿನಲ್ಲಿ ಪೈಲಟುಗಳ ಡ್ಯೂಟಿ ಹಾಕುವವರು. ದಪ್ಪ, ಸ್ವಲ್ಪ ಒಡೆದ ಸ್ವರ. ಪ್ರತಿ ಮಾತಿಗೂ ಮೊದಲು ಸಣ್ಣದಾಗಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಆ ದಿನವೂ ಹಾಗೆಯೇ ಮಾಡಿದರು. ನನ್ನ ಹೆಸರು, ಕಂಪೆನಿಯಲ್ಲಿನ ನನ್ನ ನಂಬರು ಹೇಳಿದರು. "ನಾಳೆ ನಿಮಗೆ ಸ್ಟ್ಯಾಂಡ್-ಬೈ ಇಲ್ಲ. ರೆಸ್ಟ್. ಎಲ್ಲಿಗೆ ಬೇಕಾದ್ರೂ ಹೋಗಬಹುದು" ಎಂದರು. ನಾನು ನಿಯಮದ ಹಾಗೆ ಎಲ್ಲವನ್ನೂ ಮರಳಿ ಹೇಳಿ, "ತಿಳಿಯಿತು" ಎಂದೆ. ಅಲ್ಲಿಗೆ ಫೋನ್ ಇಡಬೇಕು. ಅವರು ಇಡಲಿಲ್ಲ. ಸ್ವಲ್ಪ ಹೊತ್ತು ತಂತಿಯ ಸದ್ದು ಮಾತ್ರ. ಆಮೇಲೆ, "ಮಗುವನ್ನು ಕರ್ಕೊಂಡು ಹೋಗಿ" ಎಂದರು. ಫೋನ್ ಕಟ್ಟಾಯಿತು.

ಒಳ್ಳೆಯ ಮನುಷ್ಯ ಎಂದುಕೊಂಡೆ. ಅದಕ್ಕಿಂತ ಹೆಚ್ಚು ನನಗೇನೂ ಅನಿಸಲಿಲ್ಲ, ಇದನ್ನು ನೀವು ನಂಬಬೇಕು. ಮೈ ಜುಮ್ಮೆನ್ನಲಿಲ್ಲ, ನಾಯಿ ಊಳಿಡಲಿಲ್ಲ. ಹಸನಬ್ಬನವರಿಗೆ ನಾಳೆ ನನಗೆ ರೆಸ್ಟ್ ಎಂದು ಹೇಳಿ, ಮನೆಗೆ ಬಂದು ಮಗಳನ್ನು ಎತ್ತಿ ತಿರುಗಿಸಿದೆ.

ಲೀಲಾಳಿಗೆ ಅಷ್ಟು ಇಷ್ಟವಿರಲಿಲ್ಲ. ಬಿಸಿಲು, ಧೂಳು ಎಂದಳು. "ಬಸ್ಸು ಓಡುವುದು, ಅವಳು ಓಡುವುದಲ್ಲವಲ್ಲ" ಎಂದೆ. ಅವಳಿಗೂ ನಗು ಬಂತು. ಬೆಳಿಗ್ಗೆ ಮಗುವಿಗೆ ಎರಡು ಜಡೆ ಹಾಕಿ, ಹಬ್ಬಕ್ಕೆ ಹೊಲಿಸಿದ ಹಳದಿ ಲಂಗ ತೊಡಿಸಿ ಕಳಿಸಿದಳು.

ಬೆಳ್ತಂಗಡಿ ಬಸ್ಸಿನ ಡ್ರೈವರ್ ಸಂಕಪ್ಪ ಎಂಬವರು. ಮೂತಿ ಮುಂದೆ ಚಾಚಿದ ಹಳೆಯ ಬಸ್ಸು. ನಾನು ವಿಷಯ ಹೇಳಿದಾಗ ಅವರು ತನ್ನ ಪಕ್ಕದ ಸೀಟನ್ನು ಹೆಗಲ ಟವೆಲಿನಿಂದ ಒರೆಸಿ, "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದು ದೊಡ್ಡವರನ್ನು ಕರೆಯುವ ಹಾಗೆ ಕರೆದರು. ತಿರುವು ಬಂದಾಗಲೆಲ್ಲ ರಬ್ಬರ್ ಉಂಡೆಯ ಹಾರ್ನನ್ನು ಅವಳೇ ಒತ್ತಬೇಕೆಂದು ಕರಾರಾಯಿತು. ಅವಳ ಒಂದು ಕೈಗೆ ಅದು ಹಿಡಿಯುತ್ತಿರಲಿಲ್ಲ. ಎರಡೂ ಕೈಯಿಂದ ಒತ್ತಿದಾಗ ಬಂದ ಸದ್ದು ಅವಳಿಗೆ ಸಾಲದೆ, ಬಾಯಿಯಿಂದಲೂ ಸೇರಿಸುತ್ತಿದ್ದಳು. ಹಿಂದೆ ಕುಳಿತವರೆಲ್ಲ ನಗುತ್ತಿದ್ದರು.

"ಪಪ್ಪ, ನೀವು ವಿಮಾನದಲ್ಲಿ ಹಾರ್ನ್ ಹೊಡೀತೀರಾ?" ಎಂದು ಕೇಳಿದಳು.

"ಇಲ್ಲ."

"ದನ ಅಡ್ಡ ಬಂದ್ರೆ?"

"ಆಕಾಶದಲ್ಲಿ ದನ ಉಂಟಾ ಮಾರಾಯ್ತಿ?"

ಸ್ವಲ್ಪ ಯೋಚಿಸಿ, "ಹಾಗಾದ್ರೆ ಅದೆಂತ ಡ್ರೈವಿಂಗ್!" ಎಂದಳು. ಸಂಕಪ್ಪ ಸ್ಟಿಯರಿಂಗಿನ ಮೇಲೆ ಬಾಗಿ ಬಾಗಿ ನಕ್ಕರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವಳ ಸ್ವರ ಅರ್ಧ ಕಳೆದುಹೋಗುತ್ತದೆ. ಏನು ಮಾಡಲಿ!

ಬೆಳ್ತಂಗಡಿಯ ಹೋಟೆಲಿನಲ್ಲಿ ಬನ್ಸ್ ತಿಂದೆವು. ಅವಳು ಎರಡು ತಿಂದಳು. ಅಷ್ಟು ತಿಂದದ್ದನ್ನು ಆ ವರ್ಷ ನಾನು ನೋಡಿರಲಿಲ್ಲ. ಅಲ್ಲಿಂದ ಹಾಗೇ ಹಿಂದೆ ಬರುವುದೆಂದು ನನ್ನ ಲೆಕ್ಕ. ಅವಳಿಗೆ ಮೂಡಬಿದಿರೆ ಬಸ್ಸೂ ಬೇಕು. ದಿನ ನಮ್ಮದಲ್ಲವೇ ಎಂದು ಹತ್ತಿದೆವು. ವೇಣೂರು ದಾಟುವಾಗ ನನ್ನ ಬೆರಳು ಹಿಡಿದುಕೊಂಡೇ ಕುಳಿತಿದ್ದಳು. ಮೂಡಬಿದಿರೆಯಲ್ಲಿ ಇಳಿದು, ಸಾವಿರ ಕಂಬದ ಬಸದಿ ನೋಡುವ ಎಂದರೆ, "ಕಂಬ ಬೇಡ ಪಪ್ಪ, ಇಲ್ಲೇ ಕೂತು ಬಸ್ಸು ನೋಡುವ" ಎಂದಳು. ಹಾಗೆ ಬಸ್ಸು ನಿಲ್ಲುವಲ್ಲಿನ ಒಂದು ಅಂಗಡಿಯ ಬೆಂಚಿನಲ್ಲಿ ಮಧ್ಯಾಹ್ನವಿಡೀ ಕುಳಿತೆವು. ಬಂದ ಬಸ್ಸು, ಹೋದ ಬಸ್ಸು. ಯಾವುದು ಹೆಚ್ಚು ಮುದುಕ, ಯಾವುದಕ್ಕೆ ಕೆಮ್ಮು ಎಂದು ಹೇಳುತ್ತಿದ್ದಳು. ನಾನು ಎಂಟು ಹತ್ತು ಸಾವಿರ ಅಡಿ ಎತ್ತರದಿಂದ ಸೂರ್ಯೋದಯಗಳನ್ನು ನೋಡಿದವನು. ಆ ಬೆಂಚಿನ ಮೇಲೆ ಇದ್ದಷ್ಟು ಸುಖವಾಗಿ ನಾನು ಎಲ್ಲೂ ಇದ್ದದ್ದಿಲ್ಲ.

ಸಿದ್ಧಕಟ್ಟೆಯ ಮೇಲಿಂದ ಬರುವ ಸಂಜೆಯ ಬಸ್ಸಿನಲ್ಲಿ ಹಿಂದಿರುಗಿದೆವು. ಮುಂದಿನ ಸೀಟು ಸಿಗಲಿಲ್ಲ. ಅವಳಿಗೂ ಬೇಡವಾಗಿತ್ತು. ನನ್ನ ಮಡಿಲಲ್ಲಿ ಕುಳಿತು ಸ್ವಲ್ಪ ಹೊತ್ತು ಹೊರಗೆ ನೋಡಿದಳು. ಆಮೇಲೆ ತಲೆಯನ್ನು ನನ್ನ ಎದೆಗೆ ಆನಿಸಿ ಮಲಗಿದಳು. ಪಕ್ಕದಲ್ಲಿ ಬೀಡಿಯ ಬುಟ್ಟಿ ಹಿಡಿದುಕೊಂಡ ಒಬ್ಬ ಹೆಂಗಸು ಇದ್ದಳು. ಬುಟ್ಟಿಯನ್ನು ಕೆಳಗಿಟ್ಟು, ಮಗುವಿನ ಕಾಲು ನೀಡಲು ಜಾಗ ಮಾಡಿಕೊಟ್ಟಳು. "ಪಾಪ, ಆಯಾಸ ಆಗಿದೆ" ಎಂದಳು. ಕಂಡಕ್ಟರು ನಮ್ಮ ಹತ್ತಿರ ನಿಂತಿದ್ದ. ಅವನೂ ಮಗುವನ್ನು ನೋಡಿ, ಅಲ್ಲಿಂದ ಮುಂದೆ ಸೀಟಿ ಊದುವುದನ್ನೇ ಬಿಟ್ಟ. ಜನ ಇಳಿಯುವಾಗ ತಗಡಿನ ಮೇಲೆ ಕೈಯಿಂದ ಮೆಲ್ಲಗೆ ಬಡಿದು ಬಸ್ಸು ನಿಲ್ಲಿಸುತ್ತಿದ್ದ. ಇಡೀ ಬಸ್ಸು ನನ್ನ ಮಗಳು ಎಚ್ಚರವಾಗದ ಹಾಗೆ ನೋಡಿಕೊಂಡಿತು. ನಾನು ಅಲುಗಾಡದೆ ಕುಳಿತೆ.

ಬಂಟ್ವಾಳದಲ್ಲಿ ಇಳಿದಾಗ ಹಸನಬ್ಬನವರು ಬಸ್ಸಿಗಾಗಿ ಕಾಯುತ್ತಿದ್ದರು. ನನ್ನನ್ನು ಕಂಡವರೇ ಬಳಿಗೆ ಬಂದು, "ಎಂತ ಶೆಟ್ರೇ ಇದು? ಬಜ್ಪೆಯಿಂದ ಫೋನಿನ ಮೇಲೆ ಫೋನು. ಬಂದ ವಿಮಾನದ ಪೈಲಟಿಗೆ ಹುಷಾರಿಲ್ಲವಂತೆ, ನಿಮ್ಮನ್ನು ಕೇಳ್ತಾರೆ. ನೀವೇ ರೆಸ್ಟ್ ಕೊಟ್ಟು ಈಗ ಕೇಳುದಾ ಅಂತ ನಾನು ಸಲ್ದಾನರಿಗೆ ಹೇಳಿದೆ. ಯಾರು ಕೊಟ್ಟದ್ದು ಅಂತ ಅವರು ನನಗೇ..." ಎನ್ನುತ್ತ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಅವರ ಕಣ್ಣು ನನ್ನ ಹೆಗಲ ಮೇಲಿದ್ದ ಮಗುವಿನ ಮೇಲಿತ್ತು. ಮೆಲ್ಲಗೆ ಕೈ ಚಾಚಿ ಅವಳ ಪಾದ ಮುಟ್ಟಿದರು. ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

"ಶೆಟ್ರೇ" ಎಂದರು. "ಡಾಕ್ಟ್ರ ಹತ್ರ ಹೋಗುವ."

ಡಾಕ್ಟರ ಮನೆ ರಸ್ತೆಯ ಆಚೆ ಬದಿಯಲ್ಲೇ. ಅವರು ನೋಡಿ, ಬಹಳ ಹೊತ್ತಾಗಿದೆ ಎಂದರು. ಎಷ್ಟು ಹೊತ್ತು ಎಂದು ನಾನು ಕೇಳಲಿಲ್ಲ.

ಮುಂದಿನ ಕೆಲವು ದಿನಗಳ ಬಗ್ಗೆ ಬರೆಯಲಾರೆ.

ಹದಿಮೂರನೆಯ ದಿನದ ಕೆಲಸ ಮುಗಿದ ಮೇಲೆ ಸಲ್ದಾನರು ಬಾಡಿಗೆ ಕಾರು ಮಾಡಿಕೊಂಡು ಮನೆಗೆ ಬಂದರು. ಆಫೀಸಿನ ಪರವಾಗಿ ಅಲ್ಲ, ತಾವಾಗಿ ಬಂದದ್ದು. ಜಗಲಿಯಲ್ಲಿ ಕುಳಿತು, ಕೊಟ್ಟ ಕಾಫಿಯನ್ನು ಮುಟ್ಟದೆ, "ಶೆಟ್ಟಿಯವರೇ, ದೇವರ ಆಣೆ, ನಾನು ಫೋನ್ ಮಾಡ್ಲಿಲ್ಲ" ಎಂದರು.

ಅವರು ಎಂದಿನಂತೆ ಗಂಟಲು ಸರಿಮಾಡಿಕೊಂಡರು. ಅದೇ ಸ್ವರ, ಅದೇ ಗಂಟಲು. ನನಗೆ ಅವರ ಮುಖ ನೋಡಲಾಗಲಿಲ್ಲ. ಅವರು ಹೇಳಿದ್ದು ಇಷ್ಟು. ಆ ದಿನ ಸಂಜೆ ಅವರಿಗೆ ನನ್ನ ನೆನಪು ಬಂದದ್ದು ಹೌದು. ಎಷ್ಟೋ ದಿನದಿಂದ ಈ ಮನುಷ್ಯನನ್ನು ಸುಮ್ಮನೆ ಕಟ್ಟಿಹಾಕಿದ್ದೇವೆ, ಒಂದು ದಿನ ಬಿಡುವ ಎಂದು ಅನಿಸಿ ಫೋನಿನ ಮೇಲೆ ಕೈ ಇಟ್ಟದ್ದೂ ಹೌದು. ಅಷ್ಟರಲ್ಲಿ ಮೇಲಿನವರು ಒಳಗೆ ಕರೆದರು. ಮರುದಿನ ಯಾರನ್ನೂ ಬಿಡುವುದು ಬೇಡ ಎಂದರು. ಸಲ್ದಾನರು ಫೋನ್ ಎತ್ತಲೇ ಇಲ್ಲ. ಅಲ್ಲಿ ಆಗ ಇನ್ನಿಬ್ಬರು ಕೆಲಸದವರಿದ್ದರು, ಅವರೂ ಅದನ್ನೇ ಹೇಳುತ್ತಾರೆ. ಊರಿಂದೂರಿಗೆ ಕರೆ ಜೋಡಿಸುವ ಟ್ರಂಕ್ ಆಫೀಸಿನಲ್ಲಿ ವಿಚಾರಿಸಿದಾಗ, ಆ ಸಂಜೆ ಬಂಟ್ವಾಳಕ್ಕೆ ಅವರ ಕಡೆಯಿಂದ ಕರೆ ಹೋಗಿಲ್ಲ ಎಂದರು.

"ಮಗುವನ್ನು ಕರ್ಕೊಂಡು ಹೋಗಿ ಅಂದ್ರಲ್ಲ ನೀವು" ಎಂದೆ.

ಅವರ ಕಣ್ಣಲ್ಲಿ ನೀರು ಬಂತು. "ನಿಮಗೆ ಮಗು ಉಂಟು ಅಂತಲೇ ನನಗೆ ಗೊತ್ತಿರಲಿಲ್ಲ."

ಬಾಗಿಲ ಹಿಂದೆ ನಿಂತು ಲೀಲಾ ಇದೆಲ್ಲ ಕೇಳುತ್ತಿದ್ದಳು. ಅದೇ ಹೊತ್ತಿನಲ್ಲಿ ನಾವಿಬ್ಬರು ಬೇರೆ ಬೇರೆ ದಾರಿ ಹಿಡಿದೆವು ಎಂದು ಈಗ ತೋರುತ್ತದೆ.

ಸಲ್ದಾನರ ಸ್ವರವನ್ನು ಅಣಕಿಸಿ ಯಾರೋ ಆಟವಾಡಿರಬಹುದು ಎಂದು ನನ್ನ ಭಾವ ಹೇಳಿದರು. ಇರಬಹುದು. ಆದರೆ ರೆಸ್ಟ್ ತಿಳಿಸುವ ಕ್ರಮ, ನನ್ನ ನಂಬರು, ನಾನು ಮರಳಿ ಹೇಳುವವರೆಗೆ ಕಾಯುವುದು, ಇವೆಲ್ಲ ಬಂಟ್ವಾಳದಲ್ಲಿ ಯಾರಿಗೆ ಗೊತ್ತು? ನನ್ನ ಕಿವಿ ತಪ್ಪಿತೆಂದರೆ, ಮೊದಲು ಫೋನ್ ಎತ್ತಿದವರು ಹಸನಬ್ಬನವರು. ಅವರಿಗೂ ಆ ಸ್ವರದ ಗುರುತು ಚೆನ್ನಾಗಿತ್ತು. ಕೊನೆಯವರೆಗೂ ಅವರು, ಅದು ಸಲ್ದಾನರೇ, ಬೇರೆ ಯಾರೂ ಅಲ್ಲ ಎನ್ನುತ್ತಿದ್ದರು. ಬೊಂಬಾಯಿಯ ನಮ್ಮ ಮೇಲಧಿಕಾರಿ ವಿಚಾರಣೆಗೆ ಕರೆದಾಗ ನಾನು ನಡೆದದ್ದನ್ನು ಹೇಳಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಮನೆಗೆ ಹೋಗಿ ಎಂದರು. ಆ ವಿಷಯ ಅಲ್ಲಿಗೆ ನಿಂತಿತು.

ನನ್ನ ಮನಸ್ಸಿಗೆ ಒಂದು ಆಸರೆ ಸಿಕ್ಕಿತು. ಮಂಗಳೂರಿನ ಡಾಕ್ಟರು, ಇದು ಎಲ್ಲಿದ್ದರೂ ಆಗಬಹುದಿತ್ತು, ಮನೆಯಲ್ಲಿ ಹಾಸಿಗೆಯ ಮೇಲೂ ಆಗಬಹುದಿತ್ತು ಎಂದಿದ್ದರು. ಆ ಫೋನ್ ಬಾರದಿದ್ದರೆ ಮರುದಿನ ನನಗೆ ಕರೆ ಬರುತ್ತಿದ್ದದ್ದು ಖಂಡಿತ. ಅವಳು ಹೋಗುವಾಗ ನಾನು ಮೋಡಗಳ ನಡುವೆ ಎಲ್ಲೋ ಇರುತ್ತಿದ್ದೆ. ಯಾರೋ ಕರುಣೆಯಿಂದ ನನಗೊಂದು ದಿನ ಕೊಟ್ಟರು. ಹೀಗೆ ನಾನು ಅಂದುಕೊಂಡೆ, ಲೀಲಾಳಿಗೂ ಹೇಳಿದೆ. ಏನನ್ನೂ ನಂಬದಿದ್ದ ನಾನು!

ಲೀಲಾಳಿಗೆ ಅದು ಸಾಧ್ಯವಾಗಲಿಲ್ಲ. ಒಮ್ಮೆ ಮಾತ್ರ ಬಾಯಿಬಿಟ್ಟು ಹೇಳಿದಳು. "ಆ ಫೋನ್ ಬಾರದಿದ್ದರೆ ನೀವು ಹೋಗ್ತಿರಲಿಲ್ಲ. ನೀವು ಹೋಗದಿದ್ದರೆ ಅವಳು ನನ್ನ ಹತ್ರ ಇರ್ತಿದ್ದಳು. ಕೊಟ್ಟವರು ಅಂತೀರಿ ನೀವು. ಕೊಂಡುಹೋದವರು ಅವರು." ನನ್ನ ಆಸರೆಯೂ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ನನಗೆ ರೆಸ್ಟ್ ಕಳಿಸುವಷ್ಟು ತಿಳಿದವರಿಗೆ, ಒಬ್ಬ ಡಾಕ್ಟರನ್ನು ಕಳಿಸುವಷ್ಟು ತಿಳಿಯಲಿಲ್ಲವೇ? ಕರುಣೆ ಇದ್ದದ್ದು ಅಷ್ಟಕ್ಕೇ ಏಕೆ ನಿಂತಿತು? ಈ ಪ್ರಶ್ನೆ ಎಷ್ಟೋ ಸಲ ನನ್ನ ಬಾಯಿಯ ತನಕ ಬಂದಿದೆ. ಕೇಳುವುದು ಯಾರಲ್ಲಿ?

ಮತ್ತೆಂದೂ ನಾನು ಮಂಗಳೂರಿನ ಸ್ಟ್ಯಾಂಡ್-ಬೈ ಕೇಳಲಿಲ್ಲ. ಬೊಂಬಾಯಿಯಲ್ಲಿ ಮನೆ ಮಾಡಿದೆವು. ನಮಗೆ ಬೇರೆ ಮಕ್ಕಳಾಗಲಿಲ್ಲ. ಲೀಲಾ ಅಡುಗೆ ಮಾಡಿದಳು, ಬಡಿಸಿದಳು, ನನ್ನ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಸಿ ಇಟ್ಟಳು. ಕಾಯಿಲೆ ಬಿದ್ದಾಗ ರಾತ್ರಿಯಿಡೀ ಪಕ್ಕದಲ್ಲಿ ಕುಳಿತಳು. ಆ ದಿನದ ಮಾತು ಮಾತ್ರ ನಮ್ಮ ನಡುವೆ ಬರಲಿಲ್ಲ. ಮಗಳ ಹೆಸರೂ ಬರಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ, ನನ್ನ ಕಣ್ಣು ಪರೀಕ್ಷೆಯಲ್ಲಿ ಸೋತು ಕೆಲಸ ಬಿಡಬೇಕಾಗಿ ಬಂದಾಗ, ಮೂಡಬಿದಿರೆಯಲ್ಲಿ ಒಂದು ಸಣ್ಣ ಮನೆ ಕೊಂಡು ಬಂದೆವು. ಊರಿಗೆ ಹತ್ತಿರ ಎಂಬುದು ನಾವು ಜನರಿಗೆ ಹೇಳಿದ ಕಾರಣ. ಬಂದ ಮೇಲೆ ಒಂದು ಮಧ್ಯಾಹ್ನ ಊಟವಾಗಿತ್ತು. ಲೀಲಾ ನೆಲದ ಮೇಲೆ ಕುಳಿತು ರಾತ್ರಿಗೆ ಬಸಳೆ ಸೋಸುತ್ತಿದ್ದಳು. ನಾನು ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ. ಅವಳು ತಲೆ ಎತ್ತದೆ ಕೇಳಿದಳು: "ಆ ದಿನ ಅವಳು ಎಂತೆಂತ ಮಾತಾಡಿದಳು?"

ಯಾವ ದಿನ, ಯಾರು ಎಂದು ನಾನು ಕೇಳಲಿಲ್ಲ. ಹೇಳತೊಡಗಿದೆ. ಸಂಕಪ್ಪನವರ ಟವೆಲು, ಎರಡು ಕೈಯ ಹಾರ್ನು, ಆಕಾಶದ ದನ. ದನದ ಮಾತಿಗೆ ಲೀಲಾ ನಕ್ಕಳು, ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ನಿಲ್ಲಿಸಿದಾಗಲೆಲ್ಲ "ಮತ್ತೆ?" ಎಂದಳು. ಬನ್ಸ್ ಎರಡು ತಿಂದಳು ಎಂದೆ. "ಎರಡು ತಿಂದಳಾ!" ಎಂದಳು. ಕೆಮ್ಮುವ ಬಸ್ಸುಗಳ ಬಗ್ಗೆ ಹೇಳಿದೆ. ಬೆಂಚಿನ ಬಗ್ಗೆ ಹೇಳಿದೆ. ಬೀಡಿಯ ಹೆಂಗಸಿನ ಬಗ್ಗೆ, ಸೀಟಿ ಊದದ ಕಂಡಕ್ಟರನ ಬಗ್ಗೆ ಹೇಳಿದೆ.

"ಮತ್ತೆ?"

"ಮತ್ತೆ ಎಂತದ್ದೂ ಮಾತಾಡಲಿಲ್ಲ. ನಿದ್ದೆ ಬಂತು ಅವಳಿಗೆ."

ಆ ಫೋನ್ ಮಾಡಿದ್ದು ಯಾರು ಎಂದು ಅವಳು ಕೇಳಬಹುದೆಂದು ನಾನು ಹೆದರಿದ್ದೆ. ಅವಳು ಅದನ್ನು ಕೇಳಲಿಲ್ಲ. ಬಸಳೆಯ ತಟ್ಟೆಯನ್ನು ಬದಿಗಿಟ್ಟು, ನನ್ನ ಹತ್ತಿರ ಸರಿದು ಕುಳಿತು, "ಅಷ್ಟು ದೂರ ಹಾಗೇ ಹಿಡ್ಕೊಂಡು ಕೂತಿದ್ದಿರಲ್ಲ, ಕೈ ನೋಯಲಿಲ್ಲವಾ ನಿಮಗೆ?" ಎಂದು ಕೇಳಿದಳು.

"ನೋಯ್ತಿತ್ತು" ಎಂದೆ.